ಹಸಿರು ಗುಂಡಿ ಒತ್ತಿದರೂ ಆಯಿಗೆ ಫೋನ್ ಎತ್ತಲಾಗುತ್ತಿಲ್ಲ, ಯಾವ ಫೋನ್ ಕೊಡಿಸಲಿ?

ಪ್ರಶ್ನೆ: ನಮ್ಮ ಆಯಿಗೆ (ಅಮ್ಮನಿಗೆ) 79 ವರ್ಷ. ಶಿರಸಿಯಿಂದ ಹುಲೇಕಲ್ ದಾಟಿ ಒಳಗೆ ಹೋದರೆ ನಮ್ಮ ಮನೆ. ಅಪ್ಪಯ್ಯ ಹೋದ ಮೇಲೆ ಆಯಿ ಒಬ್ಬಳೇ ಇದ್ದಾಳೆ. ಕೆಲಸದವಳು ಬೆಳಿಗ್ಗೆ ಸಂಜೆ ಬಂದು ಹೋಗುತ್ತಾಳೆ. ಆಯಿಯ ಹಳೆಯ ಕೀಪ್ಯಾಡ್ ಫೋನಿಗೆ ಈಗ ಸಿಗ್ನಲ್ಲೇ ಬರುವುದಿಲ್ಲ. ದೀಪಾವಳಿಗೆ ಹೋದಾಗ ನನ್ನ ಹಳೆಯ ಸ್ಮಾರ್ಟ್‌ಫೋನ್ ಕೊಟ್ಟು ಬಂದೆ. ‘ಹಸಿರು ಗುಂಡಿ ಒತ್ತಿರೂ ಎತ್ತಲೆ ಬತ್ತಿಲ್ಲೆ’ ಅನ್ನುತ್ತಾಳೆ. ಕಿವಿಯೂ ಸ್ವಲ್ಪ ಮಂದ. ಕೊರೊನಾ ಸಮಯದಲ್ಲಿ ತಮ್ಮ ಹಾಕಿಸಿದ ಫೈಬರ್ ಇಂಟರ್ನೆಟ್ ಮನೆಯಲ್ಲಿದೆ. ಆದರೆ ಮೊಬೈಲ್ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಬೆಂಗಳೂರಿನಲ್ಲಿ ಕೂತು ಆನ್‌ಲೈನಿನಲ್ಲಿ ‘ಸೀನಿಯರ್ ಫೋನ್’ ಹುಡುಕಿ ಸಾಕಾಯಿತು. ಯಾವುದು ತಗೊಳ್ಳಲಿ?

ಉತ್ತರ: ನಿಮ್ಮ ಆಯಿ ಹೇಳಿದ್ದು ಸರಿಯಾಗೇ ಇದೆ. ಅವರು ಗುಂಡಿ ಒತ್ತಿದ್ದಾರೆ. ಆದರೆ ಸ್ಮಾರ್ಟ್‌ಫೋನಿನಲ್ಲಿ ಕರೆ ಬಂದಾಗ ಕಾಣುವ ಆ ಹಸಿರು ಗುಂಡಿ ಒತ್ತುವುದಕ್ಕೆ ಇರುವುದೇ ಅಲ್ಲ. ಬೆರಳಿಟ್ಟು ಮೇಲಕ್ಕೋ ಪಕ್ಕಕ್ಕೋ ಜಾರಿಸಬೇಕು. ನಮಗೆಲ್ಲ ಅದು ಎಷ್ಟು ರೂಢಿಯಾಗಿದೆ ಅಂದರೆ, ಹೇಳಿಕೊಡಬೇಕು ಅಂತಲೂ ಹೊಳೆಯುವುದಿಲ್ಲ. ಲೈಟಿನ ಸ್ವಿಚ್ಚು, ಕಾಲಿಂಗ್ ಬೆಲ್ಲು, ಲ್ಯಾಂಡ್‌ಲೈನ್ ಎಲ್ಲವನ್ನೂ ಒತ್ತಿಯೇ ಬಳಸಿದ ಕೈ ಅವರದು. ಗುಂಡಿಯ ಚಿತ್ರ ಬಿಡಿಸಿಟ್ಟು ‘ಇದನ್ನು ಎಳೀರಿ’ ಅಂದರೆ ಯಾರಿಗೆ ಗೊತ್ತಾಗಬೇಕು?

ಇದರ ಜೊತೆಗೆ ಇನ್ನೊಂದು ತೊಡಕಿದೆ. ಟಚ್ ಸ್ಕ್ರೀನಿಗೆ ನೀವು ಎಷ್ಟು ಜೋರಾಗಿ ಒತ್ತುತ್ತೀರಿ ಅನ್ನುವುದು ತಿಳಿಯುವುದಿಲ್ಲ. ಬೆರಳು ತಾಗಿದಾಗ ಆಗುವ ತೀರಾ ಸಣ್ಣ ವಿದ್ಯುತ್ ವ್ಯತ್ಯಾಸವನ್ನು ಅದು ಹಿಡಿಯುತ್ತದೆ, ಅಷ್ಟೇ. ವಯಸ್ಸಾದಂತೆ ಬೆರಳ ತುದಿ ಒಣಗುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು ವರ್ಷಗಟ್ಟಲೆ ಅಡಿಕೆ ಸುಲಿದ ಕೈಯಾದರೆ ಚರ್ಮವೂ ದಪ್ಪ. ಸ್ಕ್ರೀನ್ ಒಮ್ಮೆ ಹಿಡಿಯುತ್ತದೆ, ಒಮ್ಮೆ ಹಿಡಿಯುವುದಿಲ್ಲ. ಹಿಡಿಯದಿದ್ದಾಗ ಹಿರಿಯರು ಏನು ಮಾಡುತ್ತಾರೆ? ಇನ್ನೂ ಜೋರಾಗಿ, ಇನ್ನೂ ಜಾಸ್ತಿ ಹೊತ್ತು ಒತ್ತುತ್ತಾರೆ. ಆಗ ಫೋನು ಅದನ್ನು ‘ಒತ್ತಿ ಹಿಡಿದಿದ್ದಾರೆ’ ಅಂತ ತಿಳಿದು ಬೇರೇನೋ ಮೆನು ತೆರೆಯುತ್ತದೆ. ಅಲ್ಲಿಗೆ ಮುಗಿಯಿತು. ‘ಏನೋ ಹಾಳು ಮಾಡಿಬಿಟ್ಟೆ’ ಅಂತ ಹೆದರಿ ಫೋನನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕುತ್ತಾರೆ.

ನಾನು ಶಿರಸಿಯಲ್ಲಿ ಎಸ್‌ಟಿಡಿ ಬೂತ್ ಇಟ್ಟು ಶುರು ಮಾಡಿದವನು. ಈಗ ಫೋನ್ ಮಾರಾಟ, ರಿಪೇರಿ. ‘ವಯಸ್ಸಾದವರಿಗೆ ಒಂದು ಸಿಂಪಲ್ ಫೋನ್ ಕೊಡಿ’ ಅಂತ ವಾರಕ್ಕೆ ನಾಲ್ಕು ಜನ ಬರುತ್ತಾರೆ. ನಾನು ಕೇಳುವುದು ಒಂದೇ: ಈಗಿನ ಫೋನಿನಲ್ಲಿ ಅವರು ಎಲ್ಲಿ ಎಡವುತ್ತಾರೆ? ಹೆಚ್ಚಿನವರಿಗೆ ಉತ್ತರ ಗೊತ್ತಿರುವುದಿಲ್ಲ. ನೋಡಿಯೇ ಇರುವುದಿಲ್ಲ. ಒಬ್ಬರಿಗೆ ರಿಂಗ್ ಕೇಳುವುದಿಲ್ಲ, ಒಬ್ಬರಿಗೆ ಕೇಳಿದರೂ ಎತ್ತಲಾಗುವುದಿಲ್ಲ, ಇನ್ನೊಬ್ಬರು ಎತ್ತುತ್ತಾರೆ, ಆದರೆ ಫೋನನ್ನು ತಲೆಕೆಳಗಾಗಿ ಹಿಡಿದು ‘ಹಲೋ ಹಲೋ’ ಅನ್ನುತ್ತಾರೆ. ಮೂವರಿಗೂ ಬೇಕಾಗಿದ್ದು ಬೇರೆ ಬೇರೆ ಫೋನು. ನೀವು ಆಯಿಯ ಮಾತನ್ನೇ ಬರೆದು ಕಳಿಸಿದ್ದೀರಲ್ಲ, ಅದರಿಂದ ನನ್ನ ಅರ್ಧ ಕೆಲಸ ಆಯಿತು.

ಆನ್‌ಲೈನಿನ ‘ಸೀನಿಯರ್ ಫೋನ್’ ಸುದ್ದಿ ಮೊದಲು ಮುಗಿಸಿಬಿಡುತ್ತೇನೆ. ದೊಡ್ಡ ಗುಂಡಿ, ದೊಡ್ಡ ಅಕ್ಷರ, ಹಿಂಬದಿಯಲ್ಲಿ ತುರ್ತಿಗೆ ಒತ್ತುವ ಕೆಂಪು ಬಟನ್. ನೋಡಲು ಚೆಂದ. ಕೆಲವು ವರ್ಷದ ಹಿಂದೆ ಅಂಥದ್ದೊಂದನ್ನು ನಾನೇ ಯಲ್ಲಾಪುರ ಕಡೆಯ ಅಜ್ಜ ಒಬ್ಬರಿಗೆ ಮಾರಿದ್ದೆ. ಅಂಗಡಿಯಲ್ಲಿ ಚೆನ್ನಾಗೇ ಮಾತಾಡಿತು. ಅವರ ಮನೆಯಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಬರಲಿಲ್ಲ. ಫೋನು ಹಳೆಯ ತಲೆಮಾರಿನ 2ಜಿ, ಅವರ ಊರಿನ ಟವರ್ ಹೊಸ ತಲೆಮಾರಿನ 4ಜಿ. ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ನಾನೂ ಓದಿರಲಿಲ್ಲ. ಮಾಡಿದ ಕಂಪನಿಯವರು ‘ಪೀಸ್ ಸರಿಯಾಗೇ ಇದೆ’ ಅಂದರು. ಹಾಗೆ ನೋಡಿದರೆ ಅದೂ ಸುಳ್ಳಲ್ಲ. ಅಜ್ಜನಿಗೆ ಬೇರೆ ಫೋನ್ ಕೊಟ್ಟು ಕಳಿಸಿದೆ. ಆ ಪೀಸ್ ಇನ್ನೂ ನನ್ನ ಗಾಜಿನ ಕಪಾಟಿನಲ್ಲಿದೆ, ನನಗೇ ನೆನಪಿರಲಿ ಅಂತ.

ಹಾಗಾಗಿ ಮೊದಲು ನೋಡಬೇಕಾದ್ದು ಸಿಗ್ನಲ್. ಆಯಿಯ ಹಳೆಯ ಫೋನು ಬಹುಶಃ 2ಜಿ. ಜಿಯೋದಲ್ಲಿ 2ಜಿ ಮೊದಲಿಂದಲೂ ಇಲ್ಲ, ಆ ಸಿಮ್ಮನ್ನು ಹಳೆಯ ಫೋನಿಗೆ ಹಾಕಿ ಪ್ರಯೋಜನವಿಲ್ಲ. ಏರ್‌ಟೆಲ್, ವಿಐ ಇನ್ನೂ 2ಜಿ ಉಳಿಸಿಕೊಂಡಿವೆ, ಆದರೆ ನಿಮ್ಮ ಕಣಿವೆಗೆ ಅವರ ಟವರ್ ಕಾಣಬೇಕಲ್ಲ? ಬಿಎಸ್‌ಎನ್‌ಎಲ್ ತನ್ನ 4ಜಿಯನ್ನು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ ಕೊಡುತ್ತಿದೆ. ಇದರಲ್ಲಿ 700 ನಮ್ಮಂಥ ಕಾಡು ಗುಡ್ಡದ ಊರಿಗೆ ಮುಖ್ಯ. ಕಡಿಮೆ ಫ್ರೀಕ್ವೆನ್ಸಿಯ ಅಲೆ ದೂರ ಹೋಗುತ್ತದೆ, ಮರ ಗೋಡೆ ದಾಟುವುದರಲ್ಲೂ ವಾಸಿ. ಆದರೆ ಆ 700ನ್ನು ಹಿಡಿಯಲು ಫೋನಿನಲ್ಲಿ ‘ಬ್ಯಾಂಡ್ 28’ ಇರಬೇಕು. ಅಗ್ಗದ ಎಷ್ಟೋ ಫೋನುಗಳಲ್ಲಿ ಅದು ಇರುವುದಿಲ್ಲ. ಕೊಳ್ಳುವಾಗ ‘4ಜಿ ಇದೆಯಾ’ ಅಂತ ಕೇಳಿ ಬಿಡಬೇಡಿ, ‘ವೋಲ್ಟಿ ಇದೆಯಾ, ಬ್ಯಾಂಡ್ 28 ಇದೆಯಾ’ ಅಂತ ಕೇಳಿ. ವೋಲ್ಟಿ ಅಂದರೆ 4ಜಿಯಲ್ಲೇ ಕರೆ ಮಾಡಿ ಮಾತಾಡುವ ಸೌಲಭ್ಯ. ಅಂಗಡಿಯವನು ತಲೆ ಕೆರೆದುಕೊಂಡರೆ ಡಬ್ಬ ತೆಗೆದು ಓದಿಸಿ.

ಯಾವ ಕಂಪನಿಯ ಸಿಮ್ ಅನ್ನುವುದನ್ನು ಬೆಂಗಳೂರಿನಿಂದ ತೀರ್ಮಾನಿಸಲು ಆಗುವುದಿಲ್ಲ. ಪಕ್ಕದ ಮನೆಯವರ ಒಂದೆರಡು ಬೇರೆ ಬೇರೆ ಕಂಪನಿಯ ಫೋನ್ ಇಸಿದುಕೊಂಡು ಮನೆಯೊಳಗೆ ಓಡಾಡಿ. ಜಗಲಿ, ಅಡುಗೆಮನೆ, ಬಚ್ಚಲು, ಕೊಟ್ಟಿಗೆ, ಆಯಿ ಮಲಗುವ ಕೋಣೆ. ಪ್ರತಿ ಕಡೆ ನಿಂತು ನಿಜವಾಗಿ ಕರೆ ಮಾಡಿ ನೋಡಿ, ಕಡ್ಡಿ ಎಣಿಸಬೇಡಿ. ಅಂಗಳಕ್ಕೆ ಹೊಸದಾಗಿ ತಗಡಿನ ಮಾಡು ಹಾಕಿಸಿದ್ದರೆ ಅದೂ ಸಿಗ್ನಲ್ ತಡೆಯುತ್ತದೆ. ಅಡಿಕೆ ಒಣಗಿಸಲು ಶೆಡ್ ಮಾಡಿಸಿದ ಮೇಲೆ ಫೋನ್ ಸತ್ತಿತು ಅಂತ ಬಂದವರು ಎಷ್ಟು ಜನ! ಫೋನಿಗೇನೂ ಆಗಿರುವುದಿಲ್ಲ. ಹಾಗಂತ ಆನ್‌ಲೈನಿನಲ್ಲಿ ಸಿಗುವ ‘ಸಿಗ್ನಲ್ ಬೂಸ್ಟರ್’ ತರಿಸಬೇಡಿ. ಅನುಮತಿ ಇಲ್ಲದೆ ಹಾಕುವುದು ಕಾನೂನಿನ ಪ್ರಕಾರ ತಪ್ಪು, ಸುತ್ತಲಿನವರ ಸಿಗ್ನಲ್ಲೂ ಕೆಡುತ್ತದೆ.

ಈಗ ನಿಮ್ಮ ಮನೆಯ ವಿಷಯಕ್ಕೆ ಬರೋಣ. ಸಿಗ್ನಲ್ ಅಂಗಳದ ಮೂಲೆಯಲ್ಲಿ ಮಾತ್ರ ಅಂದಿರಿ. ಹಾಗಿದ್ದರೆ ಹಿಂಬದಿಯಲ್ಲಿ ಕೆಂಪು ಬಟನ್ ಇರುವ ಎಂಥ ಮೊಬೈಲ್ ಕೊಟ್ಟರೂ, ಆಯಿ ಬಚ್ಚಲಲ್ಲಿ ಜಾರಿ ಬಿದ್ದಾಗ ಆ ಬಟನ್ ಕೆಲಸಕ್ಕೆ ಬರುವುದಿಲ್ಲ. ಇದು ಕೇಳಲು ಕಷ್ಟ, ಆದರೆ ಫೋನ್ ಕೊಳ್ಳುವ ಮೊದಲೇ ತಿಳಿದಿರಬೇಕು. ನಿಮ್ಮ ಮನೆಯೊಳಗೆ ಗಟ್ಟಿಯಾಗಿ ಬರುತ್ತಿರುವುದು ಫೈಬರ್ ಒಂದೇ. ಅದಕ್ಕೇ ನನ್ನ ಸಲಹೆ, ಆಯಿಯ ಮುಖ್ಯ ಫೋನ್ ಮೊಬೈಲ್ ಆಗಿರುವುದು ಬೇಡ. ಲ್ಯಾಂಡ್‌ಲೈನೇ ಆಗಲಿ.

ನಗಬೇಡಿ. ಮೋಡೆಮ್ಮಿನ ಹಿಂಬದಿ ನೋಡಿ, ಫೋನಿನ ವಯರ್ ಸಿಕ್ಕಿಸುವ ಒಂದು ಸಣ್ಣ ತೂತು ಖಾಲಿ ಇರುತ್ತದೆ. ಹೆಚ್ಚಿನ ಫೈಬರ್ ಪ್ಲಾನುಗಳಲ್ಲಿ ಕರೆಗಳು ಸೇರಿಯೇ ಇರುತ್ತವೆ, ಯಾರೂ ಬಳಸುವುದಿಲ್ಲ. ಲೈನ್ ನೋಡಿಕೊಳ್ಳುವ ಹುಡುಗನಿಗೆ ಹೇಳಿ ನಂಬರ್ ಚಾಲೂ ಮಾಡಿಸಿ, ದೊಡ್ಡ ಗುಂಡಿಯ ಮಾಮೂಲು ಲ್ಯಾಂಡ್‌ಲೈನ್ ಸೆಟ್ ಜಗಲಿಯಲ್ಲಿಡಿ. ರಿಸೀವರ್ ಎತ್ತಿದರೆ ಕರೆ ತೆಗೆದಂತೆ, ಇಟ್ಟರೆ ಮುಗಿದಂತೆ. 79 ವರ್ಷದ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅವರ ಕೈಗೆ ಅದು ಗೊತ್ತು. ಅಡುಗೆಮನೆ, ಬಚ್ಚಲು ಹಿಂದೆ ದೂರದಲ್ಲಿದ್ದರೆ ಅದೇ ಲೈನಿಗೆ ಒಂದು ಕಾರ್ಡ್‌ಲೆಸ್ ಕೂಡ ಸೇರಿಸಬಹುದು. ಬಚ್ಚಲಿಗೆ ಹೋಗುವಾಗ ಅದನ್ನು ಒಯ್ದು ಹೊರಗಿನ ಗೂಡಿನಲ್ಲಿ, ಕೆಳಗೆ ಬಿದ್ದರೂ ಕೈಗೆಟಕುವ ಎತ್ತರದಲ್ಲಿ ಇಟ್ಟುಕೊಳ್ಳುವ ರೂಢಿಯಾದರೆ, ನೀವು ಹುಡುಕುತ್ತಿದ್ದ ಕೆಂಪು ಬಟನ್ನಿಗಿಂತ ಅದು ಮೇಲು.

ಹಳೆಯ ಲ್ಯಾಂಡ್‌ಲೈನಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಆಗ ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಮೂರು ದಿನ ಕರೆಂಟಿಲ್ಲದಿದ್ದರೂ, ತಂತಿ ಹರಿಯದಿದ್ದರೆ, ಫೋನ್ ರಿಂಗಾಗುತ್ತಿತ್ತು. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟು ಬರುವುದಿಲ್ಲ. ಮನೆಯ ಕರೆಂಟು ಹೋದರೆ ಮೋಡೆಮ್ ಸಾಯುತ್ತದೆ, ಜೊತೆಗೆ ಫೋನೂ. ನಮ್ಮ ಮಳೆಗಾಲ ನಿಮಗೆ ಹೇಳಬೇಕಾಗಿಲ್ಲ. ಇನ್ವರ್ಟರ್ ಇದ್ದರೆ ಮೋಡೆಮ್ಮನ್ನು ಅದರ ಲೈನಿಗೆ ಹಾಕಿಸಿ. ಇಲ್ಲದಿದ್ದರೆ ಮೋಡೆಮ್ಮಿಗೇ ಅಂತ ಸಣ್ಣ 12 ವೋಲ್ಟಿನ ಯುಪಿಎಸ್ ಸಿಗುತ್ತದೆ, ಕೆಲವು ತಾಸು ತಡೆಯುತ್ತದೆ. ಕಾರ್ಡ್‌ಲೆಸ್ಸಿನ ಬುಡಕ್ಕೂ ಬೇರೆ ಕರೆಂಟು ಬೇಕು. ಹಾಗಾಗಿ ವಯರಿನ ಸೆಟ್ ಒಂದಾದರೂ ಇರಲೇಬೇಕು, ಅದಕ್ಕೆ ಮೋಡೆಮ್ಮಿನಿಂದಲೇ ಜೀವ ಸಿಗುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗಿಗೆ ಮಾತ್ರ ಪ್ಲಗ್ ಕಿತ್ತಿಡಲು ಕೆಲಸದವಳಿಗೂ ಹೇಳಿಡಿ. ಸಿಡಿಲು ಗಾಜಿನ ಎಳೆಯಲ್ಲಿ ಬರುವುದಿಲ್ಲ, ಕರೆಂಟಿನ ಲೈನಿನಲ್ಲಿ ಬಂದು ಅಡಾಪ್ಟರ್ ಸುಡುತ್ತದೆ. ಗುಡುಗು ನಿಂತ ಮೇಲೆ ಮತ್ತೆ ಹಾಕಲು ಮರೆಯುತ್ತಾರೆ ನೋಡಿ, ಅದನ್ನೂ ಹೇಳಿ.

ಇನ್ನೊಂದು ಸಣ್ಣ ವಿಷಯ, ತುಂಬ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಲು ಮುಂದೆ ಸೊನ್ನೆ ಒತ್ತಬೇಕು. ಆಯಿ ಹಳೆಯ ನೆನಪಿನಲ್ಲಿ ನಿಮ್ಮ ಹತ್ತಂಕಿ ಒತ್ತಿದರೆ ಟೇಪಿನ ಹೆಂಗಸಿನ ಮಾತು ಬರುತ್ತದೆ, ಅವರು ‘ಮಗಳ ಫೋನ್ ಹಾಳಾಗಿದೆ’ ಅಂದುಕೊಳ್ಳುತ್ತಾರೆ. ಸೆಟ್ಟಿನ ಮೆಮೊರಿ ಗುಂಡಿಗಳಲ್ಲಿ ಸೊನ್ನೆ ಸೇರಿಸಿಯೇ ನಂಬರ್ ತುಂಬಿ, ಗುಂಡಿಯ ಪಕ್ಕ ಹೆಸರು ಬರೆದು ಅಂಟಿಸಿ. ಗೋಡೆಗೂ ಒಂದು ಚೀಟಿ ಇರಲಿ, ಕ್ಯಾಲೆಂಡರಿನ ಮೇಲಿನ ತಾರೀಕಿನಷ್ಟು ದೊಡ್ಡ ಅಂಕಿಯಲ್ಲಿ. ಕಪ್ಪು ಮಸಿ, ಬಿಳಿ ಹಾಳೆ. ನೀಲಿ ಬೇಡ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಮಂಕಾಗಿ ಕಾಣುತ್ತದೆ.

ಫೈಬರ್ ಇಲ್ಲದ ಮನೆಯವರೂ ಇದನ್ನು ಓದುತ್ತಿರಬಹುದು. ಸಿಮ್ ಹಾಕುವ ಲ್ಯಾಂಡ್‌ಲೈನ್ ಸೆಟ್ ಸಿಗುತ್ತದೆ, ಒಳಗೆ ಬ್ಯಾಟರಿಯೂ ಇರುತ್ತದೆ. ಒಳ್ಳೆಯ ವಸ್ತು. ಆದರೆ ಅಗ್ಗದವು ಬರೀ 2ಜಿ, ಮೇಲೆ ಹೇಳಿದ ಅಜ್ಜನ ಕಥೆಯೇ ಆಗುತ್ತದೆ.

ಹಾಗಾದರೆ ಮೊಬೈಲ್ ಬೇಡವೇ? ಬೇಕು. ತೋಟಕ್ಕೆ ಹೋದಾಗ, ಪೇಟೆಗೆ ಬಂದಾಗ, ಮದುವೆ ಮುಂಜಿಗೆ ಹೋದಾಗ ಕೈಯಲ್ಲೊಂದು ಇರಲಿ. ಅದು 4ಜಿ ಕೀಪ್ಯಾಡ್ ಆಗಿರಲಿ. ಒಂದೂವರೆಯಿಂದ ಮೂರು ಸಾವಿರದೊಳಗೆ ಬರುತ್ತದೆ. ಜಿಯೋಭಾರತ್ ಫೋನ್ 2023ರಲ್ಲಿ 999 ರೂಪಾಯಿಗೆ ಬಂತು, ಅಗ್ಗವೇ, ಆದರೆ ಅದಕ್ಕೆ ಜಿಯೋ ಸಿಮ್ ಬಿಟ್ಟು ಬೇರೆ ಹಾಕಲಾಗುವುದಿಲ್ಲ. ನಿಮ್ಮ ಕಣಿವೆಗೆ ಜಿಯೋ ಬರುತ್ತಿದ್ದರೆ ಸರಿ. ನೋಕಿಯಾದ 105, 110ರ 4ಜಿ ಮಾಡೆಲ್‌ಗಳು ನನ್ನ ಅಂಗಡಿಗೆ ರಿಪೇರಿಗೆ ಬರುವುದು ಕಮ್ಮಿ, ನಾನು ಹೇಳಬಲ್ಲುದು ಅಷ್ಟು. 2003ರಲ್ಲಿ ಬಂದ ನೋಕಿಯಾ 1100 ನೆನಪಿದೆಯಾ, ಟಾರ್ಚ್ ಇದ್ದದ್ದು? ಜಗತ್ತಿನಲ್ಲಿ 25 ಕೋಟಿಗಿಂತ ಜಾಸ್ತಿ ಮಾರಾಟವಾದ ಫೋನ್ ಅದು. ಇಡೀ ಗುಂಡಿಗಳ ಮೇಲೆ ಒಂದೇ ರಬ್ಬರಿನ ಹಾಳೆ, ಧೂಳು ಹೋಗದಂತೆ. ಅಂಥ ಕೀಪ್ಯಾಡ್ ಈಗ ಕಾಣಸಿಗುವುದು ಕಮ್ಮಿ ಅನ್ನುವ ಬೇಸರ ನನಗೆ ಇವತ್ತಿಗೂ ಇದೆ.

ಧೂಳು ಅಂದಾಗ ನೆನಪಾಯಿತು. ಹೋದ ತಿಂಗಳು ಒಂದು ಕೀಪ್ಯಾಡ್ ಬಿಚ್ಚಿದೆ. ಎರಡು, ನಾಲ್ಕು, ಐದು ಒತ್ತಿದರೆ ಬರುತ್ತಿರಲಿಲ್ಲ. ಒಳಗೆಲ್ಲ ಬಿಳಿ ಬಿಳಿ ಪುಡಿ. ಮೂಸಿ ನೋಡಿದರೆ ಸುಣ್ಣ! ಅಜ್ಜಿ ಫೋನನ್ನು ಕವಳದ (ಎಲೆ ಅಡಿಕೆಯ) ಸಂಚಿಯಲ್ಲಿಟ್ಟುಕೊಳ್ಳುತ್ತಿದ್ದರು. ಚಾರ್ಜಿಂಗ್ ತೂತಿನಲ್ಲಿ ಎಲೆಯ ತೊಟ್ಟೂ ಇತ್ತು. ತಮಾಷೆ ಅಲ್ಲ, ಸೀರೆ ಉಡುವವರಿಗೆ ಫೋನ್ ಇಡಲು ಜಾಗವೇ ಇಲ್ಲ ಅನ್ನುವುದನ್ನು ಫೋನ್ ಮಾಡುವವರು ಯೋಚಿಸಿಯೇ ಇಲ್ಲ. ಸೊಂಟಕ್ಕೆ ಸಿಕ್ಕಿಸುತ್ತಾರೆ, ಬಗ್ಗಿದಾಗ ಬೀಳುತ್ತದೆ, ಇಲ್ಲವೇ ಅಲ್ಲೇ ಯಾವುದೋ ಗುಂಡಿ ಒತ್ತಿಹೋಗುತ್ತದೆ. ಆಯಿಗೆ ಕೊರಳಿಗೆ ಹಾಕುವ ಬಟ್ಟೆಯ ಪುಟ್ಟ ಚೀಲ ಹೊಲಿಸಿಕೊಡಿ. ಫೋನಿನಷ್ಟೇ ಮುಖ್ಯ ಅದು.

ಗುಂಡಿ ತಾನಾಗಿ ಒತ್ತಿಹೋಗುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮನೆಯದೇ ಉದಾಹರಣೆ ಇದೆ. ಒಂದು ಜುಲೈನಲ್ಲಿ ಮೂರು ದಿನ ಬಿಡದೆ ಮಳೆ. ನಮ್ಮ ಆಯಿಯ ಫೋನ್ ರಿಂಗಾಗುತ್ತದೆ, ಎತ್ತುವುದಿಲ್ಲ. ಸಂಜೆ, ರಾತ್ರಿ, ಮರುದಿನ ಬೆಳಿಗ್ಗೆ. ಪಕ್ಕದ ಮನೆಗೂ ಲೈನ್ ಸಿಗಲಿಲ್ಲ. ಅಂಗಡಿ ಬಾಗಿಲು ಹಾಕಿ ಇಪ್ಪತ್ತು ಕಿಲೋಮೀಟರ್ ಬೈಕಿನಲ್ಲಿ ಹೋದೆ. ಆಯಿ ಬಚ್ಚಲೊಲೆಯ ಮುಂದೆ ಕೂತು ಒದ್ದೆ ಕಂಬಳಿ ಒಣಗಿಸುತ್ತಿದ್ದಳು. ‘ಈ ಮಳೆಲ್ಲಿ ಎಂತಕ್ಕೆ ಬಂದೆ?’ ಅಂದಳು. ಫೋನ್ ಮಡಿಲಲ್ಲೇ ಇತ್ತು, ಸೈಲೆಂಟ್ ಆಗಿತ್ತು. ಬಹಳಷ್ಟು ಕೀಪ್ಯಾಡ್ ಫೋನುಗಳಲ್ಲಿ ಕೆಳಗಿನ ಬಲಮೂಲೆಯ ಹ್ಯಾಶ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಫೋನ್ ಸೈಲೆಂಟಿಗೆ ಹೋಗುತ್ತದೆ. ಫೋನ್ ಮಾರುವ ನನಗೇ ಅದು ಹೊಳೆದಿರಲಿಲ್ಲ ನೋಡಿ. ಕೀಪ್ಯಾಡ್ ತಾನಾಗಿ ಲಾಕ್ ಆಗುವಂತೆ ಸೆಟ್ ಮಾಡಿದರೆ ಇದು ತಪ್ಪುತ್ತದೆ. ಲಾಕ್ ತೆಗೆಯಲು ಅವರಿಗೆ ಬರಲಿಲ್ಲವೆಂದರೂ ಬಂದ ಕರೆ ಎತ್ತಲು ಅಡ್ಡಿಯಿಲ್ಲ. ‘ಯಾವ ಗುಂಡಿ ಒತ್ತಿದರೂ ಕರೆ ತೆಗೆಯಲಿ’ ಅನ್ನುವ ಸೆಟ್ಟಿಂಗ್ ಇರುವ ಫೋನಾದರೆ ಅದನ್ನೂ ಆನ್ ಮಾಡಿ.

ಇದಕ್ಕೆಲ್ಲ ಇನ್ನೊಂದು ದಾರಿ ಮಡಚುವ ಫೋನು. 2022ರಲ್ಲಿ ನೋಕಿಯಾ 2660 ಫ್ಲಿಪ್ ಅಂತ ಬಂತು, ಆಗ ಐದು ಸಾವಿರದೊಳಗೆ ಇತ್ತು. ತೆರೆದರೆ ಕರೆ ತೆಗೆದಂತೆ, ಮಡಚಿದರೆ ಇಟ್ಟಂತೆ. ಲ್ಯಾಂಡ್‌ಲೈನಿನ ರೂಢಿ ಇದ್ದವರಿಗೆ ಇದು ಬೇಗ ಹಿಡಿಸುತ್ತದೆ. ಗುಂಡಿಗಳು ಒಳಗಿರುವುದರಿಂದ ಸೊಂಟದಲ್ಲಿ ಒತ್ತಿಹೋಗುವ ಭಯವಿಲ್ಲ. ತುರ್ತು ಗುಂಡಿಯೂ ಇದೆ. ಆದರೆ ಮಡಚುವ ಜಾಗದಲ್ಲಿ ಒಳಗೊಂದು ತೆಳ್ಳಗಿನ ಪಟ್ಟಿ ಹಾಯುತ್ತದೆ, ಇಂಥ ಫೋನುಗಳಲ್ಲಿ ಮೊದಲು ಹಾಳಾಗುವುದು ಅದೇ. ಬೆರಳ ಗಂಟು ನೋಯುವವರಿಗೆ ಮುಚ್ಚಳ ತೆರೆಯುವುದೂ ಕಷ್ಟ. ಹಾಗಾಗಿ ಆಯಿಯ ಕೈಗೆ ಕೊಟ್ಟು ಹತ್ತು ಸಲ ತೆರೆಸಿ ನೋಡದೆ ತಗೊಳ್ಳಬೇಡಿ.

ಕಿವಿ ಮಂದ ಅಂದಿರಿ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಕೀರಲು ಸ್ವರಗಳು. ಸ, ಶ, ತ, ಕ ಇಂಥ ಅಕ್ಷರಗಳ ಚೂಪು ಅಲ್ಲೇ ಇರುವುದು. ಅದಕ್ಕೇ ಅವರಿಗೆ ಮಾತು ಕೇಳಿಸುತ್ತದೆ, ಏನು ಹೇಳಿದರು ಅಂತ ತಿಳಿಯುವುದಿಲ್ಲ. ನಾವು ಕಿರುಚಿದರೆ ಗದ್ದಲ ಜಾಸ್ತಿಯಾಗುತ್ತದೆ, ಅರ್ಥ ಜಾಸ್ತಿಯಾಗುವುದಿಲ್ಲ. ಹಳೆಯ 2ಜಿ ಕರೆಯಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿ ಮಾತ್ರ ಬರುತ್ತದೆ, ಆ ಚೂಪೆಲ್ಲ ದಾರಿಯಲ್ಲೇ ಉದುರಿ ಹೋಗುತ್ತದೆ. ವೋಲ್ಟಿ ಕರೆಯಲ್ಲಿ 7000 ಹರ್ಟ್ಸ್‌ವರೆಗೂ ಬರಬಲ್ಲದು, ಎರಡೂ ಕಡೆ ವೋಲ್ಟಿ ಇದ್ದರೆ. ದೊಡ್ಡ ಸ್ಪೀಕರಿಗಿಂತ ಇದರಿಂದ ಜಾಸ್ತಿ ಉಪಯೋಗ. ರಿಂಗ್‌ಟೋನ್ ಕೂಡ ಹಾಗೇ, ಕೀರಲು ಸಂಗೀತ ಬೇಡ, ಹಳೆಯ ಫೋನಿನ ಗಂಟೆಯಂಥ ದಪ್ಪ ಸದ್ದು ಇಡಿ. ನೀವೂ ಒಂದು ಮಾಡಿ: ಇಯರ್‌ಫೋನ್ ತೆಗೆದು, ಟ್ರಾಫಿಕ್ಕಿನಿಂದ ಈಚೆ ಬಂದು, ನಿಧಾನ ಮಾತಾಡಿ.

ಇನ್ನು ಸಿಮ್ಮಿನ ಕೆಲಸ. ನಂಬರ್ ಬದಲಿಸಬೇಡಿ. ಬ್ಯಾಂಕು, ಆಧಾರ್, ಗ್ಯಾಸ್ ಎಲ್ಲ ಅದಕ್ಕೇ ಅಂಟಿಕೊಂಡಿವೆ. ಕಂಪನಿ ಬದಲಾಗಬೇಕಿದ್ದರೆ ಪೋರ್ಟ್ ಮಾಡಿಸಿ. ಇಂಟರ್ನೆಟ್ ಬೇಡದವರಿಗೆ ಬರೀ ಕರೆ ಮತ್ತು ಮೆಸೇಜಿನ ಪ್ಲಾನ್ ಕೊಡಲೇಬೇಕು ಅಂತ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು, 365 ದಿನದವರೆಗೂ ಅವಧಿ ಇರಬಹುದು. ಅಂಗಡಿಯಲ್ಲಿ ತಾವಾಗಿ ಹೇಳುವುದಿಲ್ಲ, ನೀವು ಕೇಳಬೇಕು. ವರ್ಷದ್ದು ಒಟ್ಟಿಗೆ ಹಾಕಿಸಿ, ತಿಂಗಳು ತಿಂಗಳು ‘ವ್ಯಾಲಿಡಿಟಿ ಮುಗಿಯಿತು’ ಅನ್ನುವ ಗೋಳು ಇರುವುದಿಲ್ಲ. 1909ಕ್ಕೆ ‘ಸ್ಟಾರ್ಟ್ 0’ ಅಂತ ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸಿದರೆ ಜಾಹೀರಾತಿನ ಕರೆ ಕಡಿಮೆಯಾಗುತ್ತದೆ. ಸ್ಕ್ರೀನಿನ ಮೇಲೆ ದಿಢೀರ್ ಅಂತ ಬಂದು ‘ಓಕೆ’ ಕೇಳುವ ಮೆಸೇಜುಗಳನ್ನು ಸಿಮ್ಮಿನ ಮೆನುವಿಗೆ ಹೋಗಿ ನಿಲ್ಲಿಸಿ. ಹಿರಿಯರು ಓಕೆ ಒತ್ತುತ್ತಾರೆ, ದುಡ್ಡು ಹೋಗುತ್ತದೆ. ಎರಡು ಸಿಮ್ ಹಾಕುವುದಾದರೆ ಕರೆ ಯಾವುದರಿಂದ ಹೋಗಬೇಕು ಅಂತ ಮೊದಲೇ ಗೊತ್ತು ಮಾಡಿ. ‘ಸಿಮ್ 1ಓ 2ಓ’ ಅಂತ ಪ್ರತಿ ಸಲ ಕೇಳುವ ಫೋನ್ ಆಯಿಗೆ ಬೇಡವೇ ಬೇಡ.

ನಂಬರ್ ಎಂಟು ಸಾಕು. ನಿಮ್ಮ ಹಳೆಯ ನೂರಾರು ಕಾಂಟ್ಯಾಕ್ಟ್ ತುಂಬಿ ಕೊಡಬೇಡಿ. ಹೆಸರು ಕನ್ನಡದಲ್ಲಿ ಕಾಣುವ ಫೋನಾದರೆ ಕನ್ನಡದಲ್ಲೇ ಬರೆಯಿರಿ. ಸ್ಪೀಡ್ ಡಯಲ್‌ನಲ್ಲಿ ಎರಡನೇ ಗುಂಡಿಗೆ ನಿಮ್ಮ ನಂಬರ್ ಹಾಕಲು ಹೊರಟಿದ್ದೀರಿ, ಅಲ್ವಾ? ಬೇಡ. ನೀವು ನಾನೂರು ಕಿಲೋಮೀಟರ್ ದೂರ ಇದ್ದೀರಿ. ಎರಡಕ್ಕೆ ಪಕ್ಕದ ಮನೆಯವರು, ಮೂರಕ್ಕೆ ಕೆಲಸದವಳು, ನೀವು ನಾಲ್ಕಕ್ಕೆ. ಐದು, ಒಂಬತ್ತು ಮುಟ್ಟಬೇಡಿ. 2017ರಿಂದ ನಮ್ಮ ದೇಶದಲ್ಲಿ ಮಾರುವ ಕೀಪ್ಯಾಡ್ ಫೋನುಗಳಲ್ಲಿ ಐದನ್ನೋ ಒಂಬತ್ತನ್ನೋ ಒತ್ತಿ ಹಿಡಿದರೆ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗಬೇಕು ಅಂತ ನಿಯಮ. ಯಾವುದು ಅಂತ ನಿಮ್ಮ ಫೋನಿನಲ್ಲಿ ನೋಡಿಕೊಂಡು ಆಯಿಗೂ ಹೇಳಿ. ಇಲ್ಲದಿದ್ದರೆ ‘ಯಾರೋ ಪೊಲೀಸರು ಫೋನ್ ಮಾಡಿ ಎಂತ ಆತು ಕೇಳ್ತ’ ಅಂತ ಗಾಬರಿಯಾಗುತ್ತಾರೆ. ಆಂಬುಲೆನ್ಸಿನ 108, ಹಿರಿಯ ನಾಗರಿಕರ ಸಹಾಯವಾಣಿ 14567, ಎರಡೂ ಗೋಡೆಯ ಚೀಟಿಯಲ್ಲಿ ಇರಲಿ.

ನೀವು ಕೊಟ್ಟ ಸ್ಮಾರ್ಟ್‌ಫೋನ್ ವಾಪಸ್ ತರಬೇಕಾಗಿಲ್ಲ. ಮೊಮ್ಮಕ್ಕಳ ಮುಖ ನೋಡಲು ಅದು ಬೇಕು. ಅದರ ಕೆಲಸ ಅಷ್ಟೇ ಇರಲಿ. ಜಗಲಿಯಲ್ಲಿ ಒಂದು ಸ್ಟ್ಯಾಂಡಿನ ಮೇಲೆ, ಚಾರ್ಜರ್ ಸಿಕ್ಕಿಸಿಯೇ ಇಡಿ. ಮುಖಪುಟದಲ್ಲಿ ಎಲ್ಲ ತೆಗೆದು ನಿಮ್ಮದು, ತಮ್ಮನದು ಎರಡೇ ಫೋಟೊ ಇರಲಿ, ಮುಟ್ಟಿದರೆ ವಾಟ್ಸಾಪ್‌ನಲ್ಲಿ ನಿಮ್ಮ ಪುಟ ತೆರೆಯುವಂತೆ. ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ‘ಟಚ್ ಅಂಡ್ ಹೋಲ್ಡ್ ಡಿಲೇ’ ಅಂತ ಇದೆ, ಅದನ್ನು ‘ಲಾಂಗ್’ ಮಾಡಿದರೆ ಅವರು ಜೋರಾಗಿ ಒತ್ತಿ ಹಿಡಿದರೂ ಬೇರೆ ಮೆನು ಬೇಗ ತೆರೆಯುವುದಿಲ್ಲ. ಎಳೆಯುವ ಬದಲು ಒಮ್ಮೆ ಮುಟ್ಟಿದರೆ ಕರೆ ತೆಗೆಯುವ ಆಯ್ಕೆಯೂ ಹಲವು ಫೋನುಗಳಲ್ಲಿ ಇದೆ, ಹುಡುಕಿ. ಏರ್‌ಟೆಲ್ ಅಥವಾ ಜಿಯೋ ಸಿಮ್ ಇದರಲ್ಲಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಟವರ್ ಇಲ್ಲದಿದ್ದರೂ ಮನೆಯ ಫೈಬರ್ ಮೂಲಕ ಮಾಮೂಲು ಕರೆ ಬರುತ್ತದೆ. ಬ್ಯಾಂಕಿನ ಆ್ಯಪ್ ಮಾತ್ರ ಈ ಫೋನಿನಲ್ಲಿ ಇಡಲೇಬೇಡಿ. ‘ಡಿಜಿಟಲ್ ಅರೆಸ್ಟ್’ ಅಂತ ವಿಡಿಯೊ ಕರೆಯಲ್ಲಿ ಹೆದರಿಸುವವರು ಹುಡುಕುವುದು ಇಂಥ ಒಂಟಿ ಮನೆಗಳನ್ನೇ. ದುಡ್ಡು ಹೋದರೆ ತಡಮಾಡದೆ ಒತ್ತಬೇಕಾದ ನಂಬರ್ 1930.

ಸಿಮ್ ಬದಲಿಸುವುದಾಗಲಿ ಪೋರ್ಟ್ ಮಾಡುವುದಾಗಲಿ ನೀವೊಬ್ಬರೇ ಬಂದು ಆಗುವುದಿಲ್ಲ. ಆಯಿಯ ಹೆಸರಿನಲ್ಲಿದ್ದರೆ ಆಯಿಯೇ ಬರಬೇಕು, ಆಧಾರ್ ಬೇಕು, ಅಲ್ಲೇ ಫೋಟೊ ತೆಗೆಯುತ್ತಾರೆ. ಕಣ್ಣು ತೋರಿಸಲೋ ದೇವಸ್ಥಾನಕ್ಕೋ ಶಿರಸಿಗೆ ಕರೆದುಕೊಂಡು ಬರುವ ದಿನವೇ ಈ ಕೆಲಸವನ್ನೂ ಇಟ್ಟುಕೊಳ್ಳಿ. ಬೆರಳಚ್ಚು ಕೇಳಿದರೆ ಒಣಗಿದ ಬೆರಳು ಅಲ್ಲೂ ಹಿಡಿಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಇಡಿಸಿ. ಯಾವ ಅಂಗಡಿಗಾದರೂ ಹೋಗಿ, ಆದರೆ ಬೆಳಿಗ್ಗೆ ಬೇಗ ಹೋಗಿ. ಹನ್ನೊಂದರ ಮೇಲೆ ಬಸ್ಸಿಳಿದ ಜನ ತುಂಬುತ್ತಾರೆ, ಆಯಿಗೆ ಕೂತು ಹತ್ತು ಸಲ ಮುಚ್ಚಳ ತೆರೆದು ನೋಡಲು ಜಾಗವೂ ಇರುವುದಿಲ್ಲ, ನಮಗೆ ಪುರುಸೊತ್ತೂ ಇರುವುದಿಲ್ಲ.